ಬೀದಿಯೇ ನಮ್ಮ ಸೊಪ್ಪಿನಬೆಟ್ಟ: ಮೈಸೂರಿನ ಒಂದು ಹಿತ್ತಲಿನ ಕತೆ

ಹಿತ್ತಲು ಅಂದರೆ ದೊಡ್ಡದೇನಲ್ಲ. ಮೈಸೂರಿನ ಹೊರಗಿನ ಒಂದು ಬಡಾವಣೆಯಲ್ಲಿ 40×60ರ ಸೈಟು. ಮನೆಯ ಹಿಂದೆ ಉಳಿದದ್ದು 12 ಅಡಿ ಅಗಲ, 40 ಅಡಿ ಉದ್ದದ ಪಟ್ಟಿ. 480 ಚದರ ಅಡಿ. ಪಶ್ಚಿಮಕ್ಕೆ ಕಾಂಪೌಂಡು, ಮಧ್ಯಾಹ್ನದಿಂದ ಸಂಜೆಯವರೆಗೆ ಚೆನ್ನಾಗಿ ಬಿಸಿಲು. 2019ರ ಕೊನೆಗೆ ಮನೆ ಮುಗಿದಾಗ ನನ್ನ ತಲೆಯಲ್ಲಿದ್ದದ್ದು ಒಂದೇ: ಸೊಪ್ಪು ಕೊಳ್ಳುವುದನ್ನು ನಿಲ್ಲಿಸಬೇಕು.

ಆದರೆ ಮನೆ ಕಟ್ಟುವ ಒಂದೂವರೆ ವರ್ಷ ಆ ಪಟ್ಟಿಯೇ ಗಾರೆಯವರ ಕಾರ್ಖಾನೆ ಆಗಿತ್ತು. ಕಾಂಕ್ರೀಟು ಕಲೆಸಿದ್ದು ಅಲ್ಲಿ, ಬಾಂಡ್ಲಿ ತೊಳೆದದ್ದು ಅಲ್ಲಿ, ಟೈಲ್ಸ್ ಕತ್ತರಿಸಿದ ಪುಡಿ, ಒಡೆದ ಇಟ್ಟಿಗೆ, ಸಿಮೆಂಟ್ ಚೀಲದ ತಳ, ಎಲ್ಲ ಅಲ್ಲೇ. ಕೊನೆಗೆ ಮೇಲೆ ಎರಡು ಟ್ರ್ಯಾಕ್ಟರ್ ಕೆಂಪು ಮಣ್ಣು ಹೊಡೆಸಿ ಸಮ ಮಾಡಿಕೊಟ್ಟು ಹೋದರು. ನೋಡಲು ಚೆಂದ ಇತ್ತು. ಆ ಮಣ್ಣು ಯಾರದೋ ಪಾಯ ತೆಗೆದಾಗ ಎಂಟು ಹತ್ತು ಅಡಿ ಆಳದಿಂದ ಬಂದದ್ದು ಅಂತ ಆಮೇಲೆ ಗೊತ್ತಾಯಿತು. ಅಷ್ಟು ಆಳದ ಮಣ್ಣಿನಲ್ಲಿ ಬೇರಿಲ್ಲ, ಹುಳುವಿಲ್ಲ, ಕೊಳೆತ ಎಲೆಯಿಲ್ಲ. ಬರೀ ಖನಿಜ.

ಮೊದಲ ವರ್ಷ ನಾನು ಮಾಡಿದ್ದನ್ನು ಹೇಳಿದರೆ ನಗುತ್ತೀರಿ. 2020ರ ಜೂನ್‌ನಲ್ಲಿ ಇಡೀ ಪಟ್ಟಿಯನ್ನು ಅಗೆಸಿ, ಇಪ್ಪತ್ತು ಚೀಲ ಕೊಟ್ಟಿಗೆ ಗೊಬ್ಬರ ಕಲೆಸಿ, ನರ್ಸರಿಯಿಂದ ಟೊಮೇಟೊ, ಮೆಣಸಿನಕಾಯಿ, ಬದನೆ ಸಸಿ ತಂದು ನೆಟ್ಟೆ. ಸಾಲು ಸಾಲಾಗಿ. ಮಧ್ಯೆ ಒಂದು ಕಳೆ ಇಲ್ಲದ ಹಾಗೆ, ಅಂಗಳ ಗುಡಿಸಿದಂತೆ. ಮೂರು ವಾರ ಎಲ್ಲ ಚೆನ್ನಾಗಿತ್ತು. ಆಮೇಲೆ ಒಂದು ಜೋರು ಮಳೆ ಬಂದು ಎರಡು ದಿನ ನೀರು ನಿಂತಿತು. ಬಿಸಿಲು ಬಿದ್ದ ಮೇಲೆ ಮಣ್ಣಿನ ಮುಖ ಹಪ್ಪಳದ ಹಾಗೆ ಗಟ್ಟಿಯಾಗಿ ಬಿರುಕು ಬಿಟ್ಟಿತು. ಗಿಡಗಳ ಹೊಸ ಎಲೆಗಳು ಹಳದಿ, ನರ ಮಾತ್ರ ಹಸಿರು. ಗೊಬ್ಬರ ಸಾಲದು ಅಂದುಕೊಂಡು ಮತ್ತೆ ಗೊಬ್ಬರ ಹಾಕಿದೆ. ಇನ್ನೂ ಹಳದಿಯಾಯಿತು. ಆ ವರ್ಷ ಸಿಕ್ಕಿದ್ದು ಒಂದು ಬುಟ್ಟಿ ಟೊಮೇಟೊ, ಅದರಲ್ಲಿ ಅರ್ಧಕ್ಕೆ ತಳ ಕೊಳೆತಿತ್ತು.

ಅಪ್ಪ ಹೋದ ಮೇಲೆ ಅಮ್ಮ ಶಿರಸಿ ಕಡೆಯಿಂದ ನಮ್ಮಲ್ಲಿಗೆ ಬಂದದ್ದು ಆ ನವೆಂಬರಿನಲ್ಲಿ. ಅಡಿಕೆ ತೋಟದಲ್ಲಿ ಬದುಕು ಕಳೆದವಳು. ಹಿತ್ತಲಿಗೆ ಹೋಗಿ ಒಂದು ಹೆಂಟೆ ಎತ್ತಿಕೊಂಡು ಬೆರಳಲ್ಲಿ ಒತ್ತಿ ನೋಡಿದಳು. ಒಡೆಯಲಿಲ್ಲ. ಮೂಸಿ ನೋಡಿದಳು.

"ಎಂತಕ್ಕೆ ಇದರಲ್ಲಿ ಗಿಡ ನೆಟ್ಟಿದ್ದು ಮಾರಾಯ್ತಿ? ಇದಕ್ಕೆ ವಾಸನೆಯೇ ಇಲ್ಲ."

ಈ ಮಾತು ಸುಮ್ನೆ ಹೇಳಿದ್ದಲ್ಲ. ಮೊದಲ ಮಳೆಗೆ ಬರುತ್ತದಲ್ಲ, ಆ ಮಣ್ಣಿನ ಪರಿಮಳ, ಅದರಲ್ಲಿ ದೊಡ್ಡ ಪಾಲು ಆಕ್ಟಿನೊಮೈಸಿಟ್ ಅನ್ನುವ ಸೂಕ್ಷ್ಮಜೀವಿಗಳದ್ದು. ಅವು ಬಿಡುವ ಜಿಯೋಸ್ಮಿನ್ ನಮ್ಮ ಮೂಗಿಗೆ ತೀರಾ ಸ್ವಲ್ಪ ಇದ್ದರೂ ಗೊತ್ತಾಗುತ್ತದೆ. ನಮ್ಮ ಮಣ್ಣು ಒದ್ದೆ ಮಾಡಿದರೆ ಒದ್ದೆ ಗೋಡೆಯ ವಾಸನೆ ಬರುತ್ತಿತ್ತು, ಅಷ್ಟೇ.

ಆಗ ನಾವು ಗಿಡದ ಆಸೆ ಬಿಟ್ಟು ಮಣ್ಣು ನೋಡಲು ಕೂತೆವು. ಮೂರು ಪರೀಕ್ಷೆ ಮನೆಯಲ್ಲೇ ಮಾಡಿದ್ದು. ಒಂದು, ಒಣ ಹೆಂಟೆಯನ್ನು ಗಾಜಿನ ಲೋಟದ ನೀರಿಗೆ ಮೆಲ್ಲಗೆ ಬಿಡುವುದು. ನಮ್ಮದು ಚಹಾಕ್ಕೆ ಅದ್ದಿದ ಬಿಸ್ಕತ್ತಿನ ಹಾಗೆ ಹತ್ತು ಎಣಿಸುವಷ್ಟರಲ್ಲಿ ಕುಸಿದು ಕೆಸರಾಯಿತು. ಬೀದಿ ಕೊನೆಯ ಹೊಂಗೆ ಮರದ ಬುಡದಿಂದ ತಂದ ಹೆಂಟೆ ಮಾರನೆ ದಿನ ಬೆಳಿಗ್ಗೆಯೂ ಲೋಟದಲ್ಲಿ ಹಾಗೇ ಕೂತಿತ್ತು. ಶಿಲೀಂಧ್ರದ ಎಳೆಗಳು, ಸೂಕ್ಷ್ಮಜೀವಿಗಳ ಅಂಟು, ಬೇರಿನ ತುದಿಗಳು ಸೇರಿ ಮಣ್ಣಿನ ಕಣಗಳನ್ನು ಕಟ್ಟಿ ಹಾಕಿರುತ್ತವೆ. ಆ ಕಟ್ಟು ಇದ್ದರೆ ಮಧ್ಯೆ ಗಾಳಿಗೂ ನೀರಿಗೂ ದಾರಿ ಇರುತ್ತದೆ. ಇಲ್ಲದಿದ್ದರೆ ಮಳೆ ಹನಿಯ ಪೆಟ್ಟಿಗೇ ಮಣ್ಣು ಕರಗಿ ಹಪ್ಪಳ. ಎರಡನೆಯದು, ಎರಡೂ ಕಡೆ ಕತ್ತರಿಸಿದ ಹಾಲಿನ ಪುಡಿ ಡಬ್ಬಿಯನ್ನು ಎರಡು ಇಂಚು ನೆಲಕ್ಕೆ ಹೊಡೆದು, ಅರ್ಧ ಲೀಟರ್ ನೀರು ಹೊಯ್ದು ಗಡಿಯಾರ ನೋಡುವುದು. 47 ನಿಮಿಷ ಆಯಿತು. ಮೂರನೆಯದು ಹಾರೆ ಪರೀಕ್ಷೆ, ಅದು ಅಮ್ಮನದ್ದು. ನೀರು ನಿಲ್ಲುತ್ತಿದ್ದ ಕಡೆ ಹಾರೆ ಹಾಕಿದರೆ ಎಂಟು ಇಂಚಿಗೆ ಠಣ್ ಅಂತು. ಕಾಂಕ್ರೀಟು ಕಲೆಸಿದ ಜಾಗದ ಚಪ್ಪಡಿ ಹಾಗೇ ಒಳಗೆ ಉಳಿದಿತ್ತು.

ಜೊತೆಗೆ ಮಣ್ಣು ಪರೀಕ್ಷಾ ಕೇಂದ್ರಕ್ಕೂ ಕಳಿಸಿದೆವು. ಪಿಎಚ್ (ಹುಳಿ, ಕ್ಷಾರದ ಅಳತೆ; 7 ಅಂದರೆ ಎರಡೂ ಅಲ್ಲ) 8.6, ಸಾವಯವ ಇಂಗಾಲ, ಅಂದರೆ ಕೊಳೆತ ಎಲೆ ಬೇರುಗಳಿಂದ ಮಣ್ಣಿಗೆ ಸೇರಿದ ಇಂಗಾಲ, 0.24%. ಸಾವಯವ ಇಂಗಾಲ 0.5ಕ್ಕಿಂತ ಕಡಿಮೆ ಇದ್ದರೆ ಕಡಿಮೆ, 0.75 ದಾಟಿದರೆ ಜಾಸ್ತಿ ಅನ್ನುವುದು ನಮ್ಮ ಕಡೆಯ ಲೆಕ್ಕ. ಹಳದಿ ಎಲೆಯ ಗುಟ್ಟು ಪಿಎಚ್‌ನಲ್ಲಿತ್ತು. ಸಿಮೆಂಟಿನ ಸುಣ್ಣ ಸೇರಿ ಮಣ್ಣು ಕ್ಷಾರವಾಗಿತ್ತು, ಅಂಥ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗದು. ತಮಾಷೆ ನೋಡಿ, ಕೆಂಪು ಮಣ್ಣಿನ ಕೆಂಪು ಬಣ್ಣವೇ ಕಬ್ಬಿಣದ್ದು. ಗಿಡ ಕಬ್ಬಿಣದ ರಾಶಿಯ ಮೇಲೆ ಕೂತು ಕಬ್ಬಿಣಕ್ಕೆ ಹಸಿದಿತ್ತು.

ಅಮ್ಮನ ಜೊತೆ ಮೊದಲ ಜಗಳ ಬೂದಿಗೆ. ಅವಳು ಎಲ್ಲಿಂದಲೋ ಒಲೆ ಬೂದಿ ತಂದು ಬದನೆ ಬುಡಕ್ಕೆ ಹಾಕುತ್ತಿದ್ದಳು, ಊರಿನಲ್ಲಿ ಮಾಡುತ್ತಿದ್ದ ಹಾಗೆ. ಮಲೆನಾಡಿನ ಮಣ್ಣಿಗೆ ಅದು ಸರಿ. ಅಷ್ಟು ಮಳೆಗೆ ಸುಣ್ಣದಂಶ ತೊಳೆದು ಹೋಗಿ ಮಣ್ಣು ಹುಳಿಯಾಗಿರುತ್ತದೆ, ಬೂದಿ ಅದನ್ನು ಸರಿದೂಗಿಸುತ್ತದೆ. ಇಲ್ಲಿ ಬೂದಿ ಹಾಕುವುದೆಂದರೆ ಗಾಯಕ್ಕೆ ಉಪ್ಪು. ಮೊಟ್ಟೆ ಸಿಪ್ಪೆಯೂ ಇಲ್ಲಿ ಬೇಡದ್ದೇ. ಅದಕ್ಕೆ ಅವಳು ತಿರುಗಿಸಿ ನನ್ನದೊಂದು ತಪ್ಪು ಹಿಡಿದಳು. ನೀರು ಉಳಿಸುತ್ತೇನೆ ಅಂತ ನಾನು ಆರ್‌ಒ ಫಿಲ್ಟರಿನಿಂದ ಹೊರಬೀಳುವ ನೀರನ್ನೆಲ್ಲ ಗಿಡಕ್ಕೆ ಹೊಯ್ಯುತ್ತಿದ್ದೆ. ಬೋರ್‌ವೆಲ್ ನೀರಿನ ಉಪ್ಪೆಲ್ಲ ಸೇರಿಕೊಂಡ ನೀರು ಅದು, ಮಡಿಯ ಅಂಚಿನಲ್ಲಿ ಬಿಳಿ ಪೊರೆ ಕಟ್ಟಿತ್ತು. ಈಗ ಅದು ನೆಲ ಒರೆಸಲು. ಗಿಡಕ್ಕೆ ತಾರಸಿಯಿಂದ ಡ್ರಮ್ಮಿಗೆ ಇಳಿಸಿದ ಮಳೆ ನೀರು, ಅದು ಮುಗಿದರೆ ನಲ್ಲಿ ನೀರು.

ಚಪ್ಪಡಿಯನ್ನು ಒಡೆದು ತೆಗೆಯಲೇಬೇಕಾಯಿತು. ಅಗೆಯದೆ ಕೃಷಿ ಮಾಡಬೇಕು, ನೆಲ ಮುಟ್ಟಬಾರದು ಅನ್ನುವ ಮಾತು ಬದುಕಿರುವ ಮಣ್ಣಿಗೆ ಸರಿ. ಕಟ್ಟಡದ ಕಸದ ಮೇಲೆ ಕೂತು ಅದನ್ನು ಪಾಲಿಸುತ್ತೇನೆ ಅಂದರೆ ಹತ್ತು ವರ್ಷ ಕಾಯಬೇಕು. ನಾವು ಒಂದೇ ಒಂದು ಸಲ, 2021ರ ಮೇ ತಿಂಗಳಿನಲ್ಲಿ, ಹಾರೆಯಿಂದ ಮೀಟಿ ಮೂರು ಗಾಡಿ ಕಲ್ಲು ಸಿಮೆಂಟು ಹೊರಗೆ ಹಾಕಿಸಿದೆವು. ಮಣ್ಣನ್ನು ತಿರುವಿ ಹಾಕಲಿಲ್ಲ, ಸಡಿಲ ಮಾಡಿದೆವು ಅಷ್ಟೇ. ಅದಾದ ಮೇಲೆ ಗುದ್ದಲಿ ಮೂಲೆ ಸೇರಿದ್ದು ಸೇರಿದ್ದೇ.

(ಹಳೆ ಮನೆ ಇರುವವರಿಗೆ ಒಂದು ಮಾತು. ಗೋಡೆಗೆ ಹತ್ತಿದ ಹಳೆ ಬಣ್ಣ ಕೆರೆದ ಪುಡಿಯನ್ನು ಯಾವ ಕಾರಣಕ್ಕೂ ಸೊಪ್ಪು ಬೆಳೆಯುವ ನೆಲಕ್ಕೆ ಬಿಡಬೇಡಿ. ಮನೆ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ದಾಟಬಾರದು ಅನ್ನುವ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಅದಕ್ಕಿಂತ ಹಿಂದಿನ ಬಣ್ಣದಲ್ಲಿ ಎಷ್ಟಿದೆಯೋ ಯಾರು ನೋಡಿದ್ದಾರೆ.)

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ತರಕಾರಿ ಹಾಕಲಿಲ್ಲ. ಬದಲಿಗೆ ಅಡುಗೆಮನೆಯ ಡಬ್ಬಿಗಳಿಗೆ ಕೈ ಹಾಕಿದೆವು. ಹುರುಳಿ, ಅಲಸಂದೆ, ಹೆಸರು, ಎಳ್ಳು, ಸಾಸಿವೆ, ಮೆಂತ್ಯ, ಅಂಗಡಿಯಿಂದ ಒಂದಿಷ್ಟು ಸಜ್ಜೆ ಮತ್ತು ಸೆಣಬಿನ ಬೀಜ. ಎಲ್ಲ ಒಂದು ಬಕೆಟ್ಟಿನಲ್ಲಿ ಕಲೆಸಿ ಎರಚಿ, ಕೈಯಿಂದ ಸವರಿ, ಮೇಲೆ ತೆಳ್ಳಗೆ ಹುಲ್ಲು. ಎಂಟು ದಿನಕ್ಕೆ ನೆಲ ಕಾಣದ ಹಾಗೆ ಹಸಿರು. ಒಂದೊಂದರ ಬೇರು ಒಂದೊಂದು ಆಳಕ್ಕೆ ಹೋಗುತ್ತದೆ. ಎಲೆ ಬಿಸಿಲಿನಲ್ಲಿ ಮಾಡಿದ ಸಕ್ಕರೆಯಲ್ಲಿ ಒಂದು ಪಾಲನ್ನು ಬೇರು ಮಣ್ಣಿಗೆ ಬಿಟ್ಟುಕೊಡುತ್ತದೆ. ಸೂಕ್ಷ್ಮಜೀವಿಗಳಿಗೆ ಅದೇ ಊಟ, ಅದಕ್ಕೆ ಬದಲಾಗಿ ಅವು ಗಿಡಕ್ಕೆ ರಂಜಕ, ಸಾರಜನಕ ಒದಗಿಸುತ್ತವೆ. ಬರಿ ನೆಲ ಬಿಟ್ಟರೆ ಆ ಊಟ ನಿಲ್ಲುತ್ತದೆ. ನನ್ನ ಮೊದಲ ವರ್ಷದ ಗುಡಿಸಿದ ಅಂಗಳದಲ್ಲಿ ಆದದ್ದು ಅದೇ.

ನಲವತ್ತನೇ ದಿನ ಒಂದು ಅಲಸಂದೆ ಗಿಡ ಕಿತ್ತು ನೋಡಿದೆವು. ಬೇರಿನ ತುಂಬ ಸಾಸಿವೆ ಕಾಳಿನಷ್ಟು, ಕೆಲವು ಮೆಣಸಿನ ಕಾಳಿನಷ್ಟು ಗಂಟುಗಳು. ಉಗುರಿನಿಂದ ಒಂದನ್ನು ಸೀಳಿದರೆ ಒಳಗೆ ನಸುಗೆಂಪು, ಹೆಚ್ಚು ಕಡಿಮೆ ಒಸಡಿನ ಬಣ್ಣ. ಆ ಬಣ್ಣ ಇದ್ದರೆ ಗಂಟಿನೊಳಗಿನ ರೈಜೋಬಿಯಂ ಅನ್ನುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿಯುತ್ತಿದೆ ಅಂತ ಅರ್ಥ. ಬಿಳಿಯೋ ಹಸಿರೋ ಇದ್ದರೆ ಇಲ್ಲ. ಅಮ್ಮ ಕನ್ನಡಕ ಹಾಕಿಕೊಂಡು ಮೂರು ಗಂಟು ಸೀಳಿಸಿದಳು, ನಂಬಿಕೆ ಬರಲಿಲ್ಲ ಅವಳಿಗೆ. ಹೂ ಬಿಡುವ ಹೊತ್ತಿಗೆ ಕುಡುಗೋಲಿನಿಂದ ಬುಡಕ್ಕೆ ಕೊಯ್ದು ಅಲ್ಲೇ ಮಲಗಿಸಿದೆವು. ಬೇರು ಕೀಳಲಿಲ್ಲ. ಒಳಗೆ ಕೊಳೆತ ಬೇರಿನ ದಾರಿಯೇ ಮುಂದಿನ ಮಳೆಯ ನೀರಿಗೆ ದಾರಿ.

ಕೊಯ್ದದ್ದು ಎರಡು ವಾರಕ್ಕೆ ಬಾಡಿ ಅಂಗೈ ದಪ್ಪಕ್ಕೆ ಇಳಿಯಿತು. ಇನ್ನೂ ಬೇಕು ಅಂದಳು ಅಮ್ಮ. ಎಲ್ಲಿಂದ ತರಲಿ?

ಇಲ್ಲಿ ಸೊಪ್ಪಿನಬೆಟ್ಟದ ವಿಷಯ ಹೇಳಬೇಕು. ಉತ್ತರ ಕನ್ನಡದ ಅಡಿಕೆ ತೋಟಗಳಿಗೆ ಹಿಂದಿನಿಂದಲೂ ಪಕ್ಕದ ಕಾಡಿನಲ್ಲಿ ಸೊಪ್ಪು, ದರಗು (ಉದುರಿದ ಒಣ ಎಲೆ) ತರುವ ಹಕ್ಕಿದೆ, ಆ ಕಾಡೇ ಸೊಪ್ಪಿನಬೆಟ್ಟ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ. ಆ ಸೊಪ್ಪು ಕೊಟ್ಟಿಗೆಗೆ ಹೋಗಿ, ದನದ ಕಾಲಡಿ ಸಿಕ್ಕಿ, ಗೊಬ್ಬರವಾಗಿ ತೋಟಕ್ಕೆ ಬರುತ್ತದೆ. ನಮ್ಮ ತೋಟದ ಮಣ್ಣು ಕಪ್ಪಗೆ, ಮೆತ್ತಗೆ ಇದ್ದದ್ದು ಅದರ ಹಿಂದೆ ಒಂಬತ್ತು ಪಟ್ಟು ಕಾಡು ಇದ್ದದ್ದರಿಂದ. ಹೊರಗಿನದೇನೂ ಬೇಡ, ಹಿತ್ತಲು ತನ್ನನ್ನು ತಾನೇ ನೋಡಿಕೊಳ್ಳುತ್ತದೆ ಅಂತ ವಿಡಿಯೋಗಳಲ್ಲಿ ಹೇಳುತ್ತಾರಲ್ಲ, ಆ ಮಾತು ಕೇಳಿದಾಗೆಲ್ಲ ನನಗೆ ಈ ಲೆಕ್ಕ ನೆನಪಾಗುತ್ತದೆ. ಸತ್ತ ಮಣ್ಣನ್ನು ಎಬ್ಬಿಸಲು ಇಂಗಾಲ ಬೇಕು, ಅದು ಎಲ್ಲಿಂದಲೋ ಬರಬೇಕು. ದುಡ್ಡು ಕೊಟ್ಟು ತರುತ್ತೀರೋ, ಬಿಟ್ಟಿ ತರುತ್ತೀರೋ ಅನ್ನುವುದಷ್ಟೇ ಪ್ರಶ್ನೆ.

ನಮ್ಮ ಬೀದಿಯಲ್ಲಿ ಸಾಲಾಗಿ ಹೊಂಗೆ, ಮುಖ್ಯರಸ್ತೆಯಲ್ಲಿ ನಾಲ್ಕು ದೊಡ್ಡ ಮಳೆಮರ. ಜನವರಿಯಿಂದ ಮಾರ್ಚಿವರೆಗೆ ಎಲೆ ಸುರಿಯುತ್ತದೆ. ಗುಡಿಸಿ ರಾಶಿ ಹಾಕುತ್ತಾರೆ, ಆಮೇಲೆ ಯಾರೋ ಒಬ್ಬರು ಕಡ್ಡಿ ಗೀರುತ್ತಾರೆ. ಬೀದಿ ಗುಡಿಸುವ ಹೆಂಗಸಿಗೆ ಖಾಲಿ ಗೋಣಿಚೀಲ ಕೊಟ್ಟು ಕೇಳಿಕೊಂಡೆ. "ಇಷ್ಟೊಂದು ಏನ್ ಮಾಡ್ತೀರ ಮೇಡಂ, ಮನೇಲಿ ಹಸು ಕಟ್ಟಿದೀರಾ?" ಅಂದಳು. ಎರಡನೇ ವಾರದಿಂದ ಅವಳೇ ಗೇಟಿಗೆ ಚೀಲ ಒರಗಿಸಿ ಹೋಗುತ್ತಿದ್ದಳು. ಚೀಲಕ್ಕೆ ಇಷ್ಟು ಅಂತ ಕೊಡುತ್ತೇನೆ, ಜೊತೆಗೆ ಕಾಫಿ. ಒಳಗಿನ ಗುಟ್ಕಾ ಪೊಟ್ಟಣ, ಚಾಕೊಲೇಟ್ ಕಾಗದ ಆರಿಸುವುದು ನನ್ನ ಕೆಲಸ. ಮೂರು ವರ್ಷದಲ್ಲಿ ಸುಮಾರು 160 ಚೀಲ ಬಂದಿದೆ. ಹೊಂಗೆ, ಮಳೆಮರ ಎರಡೂ ದ್ವಿದಳ ಜಾತಿಯವು, ಎಲೆ ಬೇಗ ಕೊಳೆಯುತ್ತದೆ. ನೀಲಗಿರಿ ಎಲೆ ಬಂದರೆ ಪಕ್ಕಕ್ಕೆ ಇಡುತ್ತೇವೆ.

ಎಲೆಯನ್ನು ಮೇಲೆ ಹೊದಿಸಬೇಕು, ಒಳಗೆ ಕಲೆಸಬಾರದು. ಒಂದು ಮಡಿಯಲ್ಲಿ ಆತುರಕ್ಕೆ ಒಣ ಎಲೆ ಅಗೆದು ಸೇರಿಸಿದ್ದೆ. ಅಲ್ಲಿ ಹಾಕಿದ ದಂಟು ಬಿಳಿಚಿಕೊಂಡಿತು. ಎಲೆ ಕೊಳೆಯಿಸುವ ಜೀವಿಗಳು ಮಣ್ಣಿನ ಸಾರಜನಕವನ್ನೆಲ್ಲ ತಾವೇ ಎಳೆದುಕೊಂಡಿದ್ದವು. ಮೇಲೆ ಹೊದಿಸಿದರೆ ಮಣ್ಣಿಗೆ ತಾಗಿದ ಪದರದಲ್ಲಿ ಮಾತ್ರ ಆ ತೊಂದರೆ.

ತೊಂದರೆ ಬೇರೆ ಕಡೆಯಿಂದ ಬಂತು. 2022ರ ಮಳೆಗಾಲದಲ್ಲಿ, ಅಷ್ಟು ದಪ್ಪ ಹೊದಿಕೆಯ ಕೆಳಗೆ, ಬಸವನಹುಳು. ಮುಷ್ಟಿ ಗಾತ್ರದ ಆಫ್ರಿಕಾದ ಜಾತಿ. ಒಂದು ರಾತ್ರಿ ಟಾರ್ಚು ಹಿಡಿದು ಎಣಿಸಿದರೆ 63. ಬೆಂಡೆ ಸಸಿ ಬೆಳಗಾಗುವುದರೊಳಗೆ ಕಡ್ಡಿ. ಹೊದಿಕೆ ಅಂದರೆ ಹುಳುವಿಗೂ ಮನೆ, ಇದನ್ನು ಯಾರೂ ಹೇಳಿರಲಿಲ್ಲ. ಕೊನೆಗೆ ಕೆಲಸ ಮಾಡಿದ್ದು ಪಪ್ಪಾಯಿ ಎಲೆ. ಸಂಜೆ ಒದ್ದೆ ಗೋಣಿಯ ಕೆಳಗೆ ಪಪ್ಪಾಯಿ ಎಲೆ ಹರಡಿಟ್ಟರೆ ಬೆಳಗಿನ ಜಾವ ಎಲ್ಲ ಅಲ್ಲೇ ಸೇರಿರುತ್ತವೆ. ಕೈಗೆ ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಆರಿಸಿ ಉಪ್ಪು ನೀರಿಗೆ. ಬರಿಗೈಯಲ್ಲಿ ಮುಟ್ಟಬಾರದು, ಅವು ಮನುಷ್ಯರಿಗೂ ಬರುವ ಪರಾವಲಂಬಿ ಹುಳುಗಳನ್ನು ಹೊತ್ತಿರಬಹುದು, ಸೊಪ್ಪನ್ನೂ ಚೆನ್ನಾಗಿ ತೊಳೆಯಬೇಕು. ಜೊತೆಗೆ ಜೂನ್‌ನಿಂದ ಆಗಸ್ಟ್‌ವರೆಗೆ ಎಳೆ ಸಸಿಯ ಸುತ್ತ ಒಂದಡಿ ಹೊದಿಕೆ ಸರಿಸುತ್ತೇವೆ. ಈಗಲೂ ಬರುತ್ತವೆ, ದಿನಕ್ಕೆ ಐದೋ ಆರೋ.

ಹೆಗ್ಗಣದ ಕತೆ ಚಿಕ್ಕದು. ಅಡುಗೆಮನೆ ಕಸ ಗುಂಡಿ ತೋಡಿ ಹೂತೆವು, ಅದು ತೋಡಿ ತೆಗೆಯಿತು. ಈಗ ಮುಚ್ಚಳ ಇರುವ, ತಳಕ್ಕೆ ತೂತು ಹೊಡೆದ ಎರಡು ಡ್ರಮ್ಮು. ಒಂದು ಪಾಲು ತರಕಾರಿ ಸಿಪ್ಪೆಗೆ ಎರಡು ಪಾಲು ಒಣ ಎಲೆ. ಅನ್ನ, ಸಾರು ಹಾಕುವುದಿಲ್ಲ. ಗೆದ್ದಲೂ ಬಂತು. ಅದು ತಿನ್ನುವುದು ಹೆಚ್ಚಾಗಿ ಸತ್ತದ್ದನ್ನೇ, ಆದ್ದರಿಂದ ಬಿಟ್ಟೆವು, ಆದರೆ ಮನೆ ಗೋಡೆಯಿಂದ ಎರಡಡಿ ಹೊದಿಕೆ ಇಲ್ಲದ ಹಾಗೆ ನೋಡಿಕೊಂಡೆವು.

ಜೀವಾಮೃತ, ಅಂದರೆ ಸಗಣಿ, ಗಂಜಲ, ಬೆಲ್ಲ ಕೊಳೆಸಿ ಮಣ್ಣಿಗೆ ಹೊಯ್ಯುವ ನೀರು, ಮಾಡಲಿಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಮಾಡಿದೆವು. ನೈಸರ್ಗಿಕ ಕೃಷಿಯ ಸುಭಾಷ್ ಪಾಳೇಕರ್ ಅವರ ಲೆಕ್ಕ ಎಕರೆಗೆ 200 ಲೀಟರ್ ನೀರಿಗೆ 10 ಕಿಲೋ ಸಗಣಿ, 2 ಕಿಲೋ ಬೆಲ್ಲ, 2 ಕಿಲೋ ದ್ವಿದಳದ ಹಿಟ್ಟು, ಜೊತೆಗೆ ಗಂಜಲ, ಒಂದು ಹಿಡಿ ಮಣ್ಣು. ನಾವು ಅದನ್ನು ಬಕೆಟ್ಟಿಗೆ ಇಳಿಸಿಕೊಂಡೆವು: 10 ಲೀಟರ್ ನೀರು, ಅರ್ಧ ಕಿಲೋ ಸಗಣಿ, ಅರ್ಧ ಲೀಟರ್ ಗಂಜಲ, ನೂರು ನೂರು ಗ್ರಾಂ ಬೆಲ್ಲ, ಕಡಲೆ ಹಿಟ್ಟು. ಆದರೆ ಒಂದು ಬುದ್ಧಿವಂತಿಕೆ ಮಾಡಿದೆ, ಐದು ಮಡಿಗಳಲ್ಲಿ ಎರಡಕ್ಕೆ ಹಾಕಲೇ ಇಲ್ಲ. ಮೊದಲ ವರ್ಷ ಹಾಕಿದ ಮಡಿಗಳು ಸ್ವಲ್ಪ ಮುಂದಿದ್ದವು. ಹೊದಿಕೆ ದಪ್ಪವಾದ ಮೇಲೆ, ಮೂರನೇ ವರ್ಷ, ಯಾವುದು ಯಾವುದು ಅಂತ ನನಗೇ ಗುರುತು ಸಿಗಲಿಲ್ಲ. ಹೆಪ್ಪು ಹಾಕಿದ ಹಾಗೆ ಅದು. ಹಾಲೇ ಇಲ್ಲದ ಪಾತ್ರೆಗೆ ಹೆಪ್ಪು ಹಾಕಿ ಏನು ಮಾಡುವುದು?

ಕರಿಬೇವಿಗೆ ಮಾತ್ರ ಅಮ್ಮನ ಹುಳಿ ಮಜ್ಜಿಗೆ. ನೀರು ಬೆರೆಸಿ ಹದಿನೈದು ದಿನಕ್ಕೊಮ್ಮೆ. ಎರಡು ತಿಂಗಳಿಗೆ ಹೊಸ ಚಿಗುರು ಹಸಿರಾಗಿ ಬಂತು. ಆ ಹೊತ್ತಿಗೆ ಕಾಂಪೋಸ್ಟೂ ಹಾಕಿದ್ದೆ ಅಂತ ನಾನು, ಮಜ್ಜಿಗೆಯಿಂದಲೇ ಅಂತ ಅವಳು. ಇನ್ನೂ ತೀರ್ಮಾನ ಆಗಿಲ್ಲ.

ಊಟದ ಲೆಕ್ಕ ಹೇಳುತ್ತೇನೆ. ಮೊದಲು ಕೈ ಹಿಡಿದದ್ದು ಹೆಚ್ಚು ಆರೈಕೆ ಕೇಳದಂಥವು: ಹೊನಗೊನೆ, ಬಸಳೆ, ನುಗ್ಗೆ, ಚಕ್ರಮುನಿ. ಬಚ್ಚಲ ನೀರು ಹೋಗುವ ಮೂಲೆಯಲ್ಲಿ ಬಾಳೆ, ಕೆಸು. 2022ರ ಕೊನೆಯಿಂದ ಬೆಂಡೆ, ಅಲಸಂದೆ, ಈರನಗೆರೆ ಬದನೆ. ದಂಟು, ಪಾಲಕ್, ಮೂಲಂಗಿ, ಕೋಸುಗಳ ಬೇರಿನ ಜೊತೆ ಮೈಕೊರೈಜಾ ಶಿಲೀಂಧ್ರ (ಬೇರಿಗೆ ಸೇರಿಕೊಂಡು ಗಿಡಕ್ಕೆ ರಂಜಕ ತಂದುಕೊಡುವಂಥದ್ದು) ಸಾಮಾನ್ಯವಾಗಿ ಸೇರುವುದಿಲ್ಲ, ಬದನೆ, ಬೆಂಡೆ, ಅವರೆ ಜೊತೆ ಸೇರುತ್ತದೆ. ಆದ್ದರಿಂದ ಒಂದು ಮಡಿಯಲ್ಲಿ ತಿಂಗಳುಗಟ್ಟಲೆ ಬರೀ ದಂಟು ಬಿಡುವುದಿಲ್ಲ, ಮಧ್ಯೆ ಅಲಸಂದೆ ಇದ್ದೇ ಇರುತ್ತದೆ. ಟೊಮೇಟೊ ಇವತ್ತಿಗೂ ನಮಗೆ ಒಲಿದಿಲ್ಲ, ಕೊಳ್ಳುತ್ತೇವೆ.

ಕಾಂಪೌಂಡಿಗೆ ಹಬ್ಬಿಸಿದ ಅವರೆಯಲ್ಲಿ ಒಂದು ಅನ್ಯಾಯ ಮಾಡಿದೆ. ಡಿಸೆಂಬರಿನಲ್ಲಿ ಹೂವಿಗೆ ಕಪ್ಪು ಹೇನು ಹತ್ತಿತ್ತು. ಅದರ ನಡುವೆ ಸಣ್ಣ ಮೊಸಳೆಯ ಹಾಗಿರುವ, ಬೂದು ಮೈಗೆ ಕಿತ್ತಳೆ ಚುಕ್ಕೆಯ ಹುಳುಗಳು ಓಡಾಡುತ್ತಿದ್ದವು. ಇವೇ ಕಳ್ಳರು ಅಂತ ಒಂದೊಂದಾಗಿ ಹಿಸುಕಿದೆ, ಇಪ್ಪತ್ತೋ ಇಪ್ಪತ್ತೈದೋ. ಆಮೇಲೆ ತಿಳಿಯಿತು, ಅವು ಗುಲಗಂಜಿ ಹುಳುವಿನ ಮರಿಗಳು, ಹೇನು ತಿನ್ನಲು ಬಂದಿದ್ದವು. ಆ ವರ್ಷ ಅವರೆ ಅರ್ಧಕ್ಕರ್ಧ ಹೋಯಿತು. ಮರು ವರ್ಷ ಕೈ ಕಟ್ಟಿ ಕೂತೆ, ಮೂರು ವಾರದಲ್ಲಿ ಅವೇ ನೋಡಿಕೊಂಡವು.

2024ರ ಫೆಬ್ರವರಿಯಲ್ಲಿ ಮತ್ತೆ ಮಣ್ಣು ಕಳಿಸಿದೆ. ಪಿಎಚ್ 7.9, ಸಾವಯವ ಇಂಗಾಲ 0.66%. ಮಧ್ಯಮ. ಪಿಎಚ್ ಇನ್ನೂ ಇಳಿಯಬೇಕು, ಸಿಮೆಂಟು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಅದೇ ಹಾಲಿನ ಪುಡಿ ಡಬ್ಬಿ, ಅದೇ ಅರ್ಧ ಲೀಟರ್ ನೀರು: ಎರಡು ನಿಮಿಷಕ್ಕೆ ಒಳಗೆ. ಹೆಂಟೆ ಲೋಟದಲ್ಲಿ ಅರ್ಧ ಗಂಟೆ ನಿಲ್ಲುತ್ತದೆ. ಹೊಂಗೆ ಮರದ ಬುಡದ ಮಣ್ಣಿನ ಮಟ್ಟಕ್ಕೆ ಬಂದಿಲ್ಲ. ಎರೆಹುಳು ನಾವು ತಂದು ಬಿಟ್ಟದ್ದಲ್ಲ, ಎರಡನೇ ಮಳೆಗಾಲಕ್ಕೆ ತಾವಾಗಿ ಬಂದವು, ಈಗ ಹೊದಿಕೆ ಎತ್ತಿದರೆ ಹಿಕ್ಕೆ ಕಾಣುತ್ತದೆ. ಸೊಪ್ಪು ವಾರಕ್ಕೆ ಐದು ದಿನ ಮನೆಯದೇ.

ಖರ್ಚಿನ ಮಾತಿಗೆ ಬಂದರೆ, ಮೊದಲ ವರ್ಷ ಹಾಳು ಮಾಡಿದ್ದೇ ಜಾಸ್ತಿ. ಮಣ್ಣು, ಗೊಬ್ಬರ, ಸಸಿ, ಅಗೆತ, ಎಲ್ಲ ಸೇರಿ ಆಮೇಲಿನ ಮೂರು ವರ್ಷಕ್ಕಿಂತ ಹೆಚ್ಚು.

ಈಗಿನ ಚಿಂತೆ ಬೇರೆ. ರಸ್ತೆ ಅಗಲ ಮಾಡುವಾಗ ನಾಲ್ಕು ಮಳೆಮರದಲ್ಲಿ ಎರಡು ಹೋದವು. ಈ ವರ್ಷ ಚೀಲಗಳು ಮೂವತ್ತು ದಾಟಲಿಲ್ಲ. ಹಾಗಾಗಿ ಉತ್ತರದ ಮೂಲೆಯಲ್ಲಿ ಮೂರು ಗ್ಲಿರಿಸಿಡಿಯಾ ಕಡ್ಡಿ ಊರಿದ್ದೇವೆ, ಗೊಬ್ಬರದ ಗಿಡ ಅಂತಾರಲ್ಲ, ಅದು. ಕಡಿದಷ್ಟೂ ಚಿಗುರುತ್ತದೆ. ಪಕ್ಕದ ಮನೆಯವರ ಗೋಡೆಗೆ ನೆರಳು ಬಿದ್ದರೆ ಮಾತು ಬರುತ್ತದೆ ಅಂತ ಅಮ್ಮ ಈಗಲೇ ಅವರಿಗೆ ಬಸಳೆ ಕಟ್ಟು ಕೊಡಲು ಶುರು ಮಾಡಿದ್ದಾಳೆ.